ಇಬ್ಬರು ಕೇಳಿದರೆ ಎರಡು ಗಾಡಿ

ಮಾಲೂರಿನಿಂದ ಟೇಕಲ್ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಬಿ.ಎಡ್. ಕಾಲೇಜು ಇದೆ ಎಂದರೆ ಹೊಸಬರು ನಂಬುವುದಿಲ್ಲ. ದೂರದಿಂದ ನೋಡಿದರೆ ಅದು ಹೆಂಚಿನ ಕಾರ್ಖಾನೆ. ಹತ್ತಿರ ಹೋಗಿ ನೋಡಿದರೂ ಹೆಂಚಿನ ಕಾರ್ಖಾನೆಯೇ. ಒಳಗೆ ಹೋಗಿ, ಬೆಂಚಿನ ಮೇಲೆ ಕೂತು, ಯಾರಾದರೂ ಬಂದು ಹಾಜರಿ ಕೂಗಿದರೆ ಮಾತ್ರ ಕಾಲೇಜು. ಯಜಮಾನರಾದ ಸೊಣ್ಣಪ್ಪನವರು ಹೆಂಚಿಗೆ ಗಿರಾಕಿ ತಪ್ಪಿದ ವರ್ಷ ಬೆಂಕಿ ಆರಿಸಿ, ಗೋಡೆಗೆ ಸುಣ್ಣ ಹೊಡೆಸಿ, "ಮಣ್ಣು ತುಳ್ದು ಅಚ್ಚಿಗೆ ಹಾಕೋದೇ ತಾನೆ ಇಲ್ಲೂ" ಎಂದು ಬಿ.ಎಡ್. ಶುರು ಮಾಡಿದರು. ಚಿಮಣಿ ಮಾತ್ರ ಹಾಗೇ ಉಳಿಯಿತು. ತಪಾಸಣೆಗೆ ಬಂದವರಿಗೆ ಅದು ವಿಜ್ಞಾನದ ಪ್ರಯೋಗಾಲಯ ಎಂದು ತೋರಿಸುವುದು ರೂಢಿ.

ಆ ಚಿಮಣಿಯ ಬುಡದ ಕೋಣೆಯಲ್ಲಿ, ಬೆನ್ನಿಗೆ ಬಿಳಿ ಟವೆಲ್ ಹೊದಿಸಿದ ತಿರುಗುವ ಕುರ್ಚಿಯ ಮೇಲೆ ಪ್ರಭಾರ ಪ್ರಾಂಶುಪಾಲ ಚಂದ್ರಮೋಹನ್ ಕೂರುತ್ತಿದ್ದ. ಆ ಕುರ್ಚಿಯ ಮೇಲೆ ಅವನಿಗಿದ್ದ ಪ್ರೀತಿ ಹೆಂಡತಿಗೂ ಗೊತ್ತಿತ್ತು. ಅವಳು ಬೇಜಾರು ಮಾಡಿಕೊಂಡಿರಲಿಲ್ಲ. ಆ ಕುರ್ಚಿಯಲ್ಲಿ ಕೂರುವ ಮುಂಚೆ ಗಂಡ ಯಾವ ಬಣ್ಣದಲ್ಲಿ ಮನೆಗೆ ಬರುತ್ತಿದ್ದ ಎಂದು ಅವಳು ಕಣ್ಣಾರೆ ಕಂಡಿದ್ದಳು.

ಸಂಗತಿ ಏನೆಂದರೆ, ಬೇಸಿಗೆ ಬಂತೆಂದರೆ ಆ ಕಾಲೇಜಿನ ಮೇಷ್ಟ್ರುಗಳೆಲ್ಲ ಬಣ್ಣದ ಕರಪತ್ರ ಹಿಡಿದು ಊರೂರು ಅಲೆದು, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಹುಡುಗ ಹುಡುಗಿಯರನ್ನು ಹಿಡಿದು ತಂದು ಬಿ.ಎಡ್.ಗೆ ಸೇರಿಸಬೇಕು. ಇದಕ್ಕೆ 'ಫೀಲ್ಡು' ಎಂದು ಹೆಸರು. ಚಂದ್ರಮೋಹನ್ ಬಹಳ ವರ್ಷ ಫೀಲ್ಡು ಮಾಡಿದ್ದ. ನಂಗಲಿ ಗಡಿಯಿಂದ ಹಿಡಿದು ಶ್ರೀನಿವಾಸಪುರದ ಮಾವಿನ ತೋಪುಗಳವರೆಗೆ ಅವನನ್ನು ಕಚ್ಚದ ನಾಯಿ ಇರಲಿಲ್ಲ. ಕಚ್ಚಿದ ನಾಯಿಗಳು ಮರುವರ್ಷ ಗುರುತು ಹಿಡಿದು ಬಾಲ ಅಲ್ಲಾಡಿಸಿಕೊಂಡು ಮುಂದಿನ ಮನೆಯ ತನಕ ದಾರಿ ತೋರಿಸುತ್ತಿದ್ದವು. ಒಂದು ಸಲ ಬಿಸಿಲಿಗೆ ತಲೆ ತಿರುಗಿ, ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಿಂತಿದ್ದ ಬೆದರುಬೊಂಬೆಗೆ ಅರ್ಧ ಗಂಟೆ ಬಿ.ಎಡ್. ಮಹತ್ವ ಹೇಳಿ, ಕೈಗೆ ಕರಪತ್ರ ಸಿಕ್ಕಿಸಿ ಬಂದಿದ್ದ. ಆ ವರ್ಷ ಪೂರ್ತಿಯಾಗಿ ಕೇಳಿಸಿಕೊಂಡದ್ದು ಅದೊಂದೇ.

ಪ್ರಾಂಶುಪಾಲರಿಗೆ ಮಾತ್ರ ಫೀಲ್ಡು ಮಾಫಿ. ಅದಕ್ಕೇ ಕುರ್ಚಿಯ ಮೇಲೆ ಅಷ್ಟು ಪ್ರೀತಿ.

ಒಂದು ದಿನ ಬೆಳಿಗ್ಗೆ ಸೊಣ್ಣಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಬಂದರು.

"ಏನಯ್ಯಾ ಪ್ರಿನ್ಸಿಪಾಲಾ, ತಪಾಸಣೆಯೋರು ಬರ್ದವ್ರೆ. ಪ್ರಿನ್ಸಿಪಾಲ್ಗೆ ಪಿಎಚ್‌ಡಿ ಇರ್ಬೇಕಂತೆ. ಇಲ್ಲಾಂದ್ರೆ ಸೇರ್ಕೊಂಡಾದ್ರೂ ಇರ್ಬೇಕಂತೆ. ಆಯುಧಪೂಜೆ ದಿನ ನಡೀತಾ ಐತೆ ಅಂದಿದ್ದಲ್ಲ, ಎಲ್ಲಿಗೆ ಬಂತು ನಿಂದು?"

ಚಂದ್ರಮೋಹನ್ ಆವತ್ತು ಹಾಗೆ ಅಂದದ್ದು ನಿಜ. ಕಡಲೆಪುರಿ ತಿನ್ನುತ್ತಾ, ಎದುರಿಗೆ ಕೂತಿದ್ದವರು ಏನೋ ದೊಡ್ಡ ಸುದ್ದಿಗೆ ಕಾಯುತ್ತಿರುವಂತೆ ಕಂಡು, ಬಾಯಿಗೆ ಬಂದದ್ದನ್ನು ಅಂದಿದ್ದ. ನಡೆಯುವುದಿರಲಿ, ಆ ಪಿಎಚ್‌ಡಿ ಇನ್ನೂ ಹುಟ್ಟಿಯೇ ಇರಲಿಲ್ಲ.

"ಕೊನೇ ಹಂತ ಸಾರ್," ಎಂದ.

"ಹಂಗಾದ್ರೆ ಜೂನ್‌ನಾಗೆ ಸೇರ್ಕೊಂಡಿರೋ ಕಾಗ್ದ ತಂದು ತೋರ್ಸು. ಇಲ್ಲಾಂದ್ರೆ ನಮ್ಮಳಿಯ ಚೈತನ್ಯ ಅವ್ನೆ. ಅವನ ಹತ್ರ ಪಿಎಚ್‌ಡಿ ರೆಡಿ ಐತೆ. ಎಲ್ಲಿಂದ ತಂದೆ ಅಂತ ನಾನೂ ಕೇಳಿಲ್ಲ, ಅವನೂ ಹೇಳಿಲ್ಲ. ಅವನು ಈ ಕುರ್ಚಿ ಮೇಲೆ ಕೂತ್ಕೊಂತಾನೆ. ನೀನು ಫೀಲ್ಡಿಗೆ ಹೋಗು."

ಹೇಳಿ ಅವರು ಹೋದರು. ಚಂದ್ರಮೋಹನ್ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಎದ್ದು ನೇರವಾಗಿ ಮಾಲೂರು ಬಸ್ ಸ್ಟ್ಯಾಂಡ್ ಎದುರಿನ ಅಜ್ಮತುಲ್ಲಾನ ಆನ್‌ಲೈನ್ ಅಂಗಡಿಗೆ ನಡೆದ.

ಅಜ್ಮತುಲ್ಲಾನಿಗೆ ಕಂಪ್ಯೂಟರಿನ ಮುಂದೆ ಬಾರದ ಕೆಲಸವಿಲ್ಲ. ಪಹಣಿ, ಆಧಾರ್, ರೇಷನ್ ಕಾರ್ಡು, ತಿರುಪತಿ ದರ್ಶನ, ಹಜ್ ಅರ್ಜಿ, ಎಲ್ಲವನ್ನೂ ಒಂದೇ ಬೆರಳಿನಲ್ಲಿ ಕುಟ್ಟಿ ಮುಗಿಸುತ್ತಿದ್ದ. ಶಿಕ್ಷಣದಲ್ಲಿ ಪಿಎಚ್‌ಡಿ ಎಂದಾಗಲೂ ಅವನ ಮುಖ ಬದಲಾಗಲಿಲ್ಲ. ಸಂಶೋಧನೆಯ ವಿಷಯ ಏನು ಎಂದು ಜಾಲತಾಣ ಕೇಳಿದಾಗ, ಹಿಂದೆ ಯಾರೋ ಟೈಪು ಮಾಡಿಸಿ ತೆಗೆದುಕೊಂಡು ಹೋಗದೆ ಬಿಟ್ಟಿದ್ದ ಫೈಲಿನಿಂದ ಒಂದನ್ನು ಪ್ರಸ್ತಾವನೆಯ ಸಮೇತ ಎತ್ತಿ ಹಾಕಿದ. 'ಕೋಲಾರ ಜಿಲ್ಲೆಯ ಪ್ರಶಿಕ್ಷಣಾರ್ಥಿಗಳ ಅಧಿಸಂಜ್ಞಾನಾತ್ಮಕ ಸಾಮರ್ಥ್ಯದ ವಿಶ್ಲೇಷಣಾತ್ಮಕ ಅಧ್ಯಯನ.' ಚಂದ್ರಮೋಹನನಿಗೆ 'ಕೋಲಾರ ಜಿಲ್ಲೆಯ' ಎಂಬಲ್ಲಿಯ ತನಕ ಚೆನ್ನಾಗಿ ಅರ್ಥವಾಯಿತು.

"ಸಾರ್, ಇಲ್ಲಿ ಎರಡು ಹೆಸ್ರು ಕೇಳ್ತೈತೆ. ನಿಮ್ಮ ಯೋಗ್ಯತೆ ಬಲ್ಲೋರು, ನಿಮ್ಮ ಬಗ್ಗೆ ಶಿಫಾರಸು ಬರ್ಕೊಡೋರು. ಯಾರ್ದು ಹಾಕ್ಲಿ?"

"ನನಗೆ ಪಾಠ ಹೇಳ್ಕೊಟ್ಟವರದ್ದು ಇರ್ಬೇಕೇನೋ ಭಾಯ್."

"ಅರೇ ಸಾರ್! ಮೇಷ್ಟ್ರು ಮಾತು ಯಾರ್ ಕೇಳ್ತಾರೆ? ನೀವೂ ಮೇಷ್ಟ್ರೇ ಅಲ್ವಾ, ನಿಮ್ಮ ಮಾತು ಮನೇಲಿ ನಡೀತೈತಾ?"

ಚಂದ್ರಮೋಹನನ ಅನುಭವವೂ ಅದನ್ನೇ ಹೇಳುತ್ತಿತ್ತು. ಅವನಿಗೆ ಬಿ.ಎಡ್. ಸೀಟು ಸಿಕ್ಕಿದ್ದು ಶ್ರೀನಿವಾಸಪುರದ ಮಾವಿನ ಮಂಡಿಯ ಸೋದರಮಾವ ವೆಂಕಟರಾಯಪ್ಪ ಹೇಳಿದ್ದಕ್ಕೆ. ಈ ಕೆಲಸ ಸಿಕ್ಕಿದ್ದು ವಕ್ಕಲೇರಿಯ ದೊಡ್ಡಮ್ಮ, ಮಹಿಳಾ ಹಾಲಿನ ಡೈರಿಯ ಅಧ್ಯಕ್ಷೆ ದೊಡ್ಡಮುನಿಯಮ್ಮ ಹೇಳಿದ್ದಕ್ಕೆ. ಮನೆಗೆ ಕರೆಂಟು ಬಂದದ್ದು ಮುಳಬಾಗಿಲಿನಲ್ಲಿ ದೋಸೆ ಹೋಟೆಲು ಇಟ್ಟಿರುವ ಹೆಂಡತಿಯ ತಾಯಿ, ಅತ್ತೆ ಮುತ್ಯಾಲಮ್ಮ ಲೈನ್‌ಮನ್‌ಗೆ ಹೇಳಿದ್ದಕ್ಕೆ. ಅವನ ಜೀವನದಲ್ಲಿ ಯಾರೂ ಯಾರಿಗೂ ಹೇಳದೆ ತಾನಾಗಿ ಬಂದದ್ದು ಬೋಳುತಲೆ ಒಂದೇ.

ಆದರೆ ಹೇಳುವವರು ಮೂವರು, ಕೇಳಿದ್ದು ಇಬ್ಬರನ್ನು. ಅಲ್ಲಿ ಶುರುವಾಯಿತು ತೊಂದರೆ.

ನಮ್ಮ ಕಡೆ ಮದುವೆ ಪತ್ರಿಕೆಯಲ್ಲಿ ಒಂದು ಹೆಸರು ಬಿಟ್ಟರೆ ಮೂರು ತಲೆಮಾರಿಗೆ ಮಾತು ನಿಲ್ಲುತ್ತದೆ. ಅದಕ್ಕೇ ಪತ್ರಿಕೆಗಳು ಥೇಟ್ ಮತದಾರರ ಪಟ್ಟಿಯ ಹಾಗಿರುತ್ತವೆ. ಮದುಮಕ್ಕಳ ಹೆಸರು ಎಲ್ಲಿದೆ ಎಂದು ಹುಡುಕಬೇಕು. ಚಂದ್ರಮೋಹನ್ ತನ್ನ ಗೃಹಪ್ರವೇಶದ ಪತ್ರಿಕೆಯಲ್ಲಿ ಜಾಗ ಸಾಲದೆ ಮಾವನ ಹೆಸರು ಬಿಟ್ಟಿದ್ದ. ವೆಂಕಟರಾಯಪ್ಪ ಬಂದು, ಉಂಡು, ಎರಡು ಸಲ ಪಾಯಸ ಹಾಕಿಸಿಕೊಂಡು, ಆವತ್ತಿನಿಂದ ಆ ಮನೆಯನ್ನು "ಆ ಶೆಡ್ಡು" ಎಂದೇ ಕರೆಯುತ್ತಿದ್ದ.

"ಮನೇಲಿ ಕೇಳ್ಕೊಂಡು ಬರ್ತೀನಿ," ಎಂದು ಚಂದ್ರಮೋಹನ್ ಎದ್ದ. ಅವನ ಬೆನ್ನ ಹಿಂದೆ ಪಹಣಿಗಾಗಿ ಸಾಲಿನಲ್ಲಿ ನಿಂತಿದ್ದ ವಕ್ಕಲೇರಿಯ ಒಬ್ಬರು ಆಗಲೇ ಫೋನು ಕಿವಿಗಿಟ್ಟಿದ್ದರು.

ಮನೆ ಮುಟ್ಟುವ ಹೊತ್ತಿಗೆ ಹೆಂಡತಿ ಆಶಾರಾಣಿ ಬಾಗಿಲಲ್ಲೇ ನಿಂತಿದ್ದಳು.

"ಇಬ್ಬರ ಹೆಸರು ಹಾಕ್ಬೇಕಂತೆ? ಅಮ್ಮನ್ದು ಹಾಕಿದ್ರಾ?"

"ಇನ್ನೂ ಯಾರದ್ದೂ ಹಾಕಿಲ್ಲ ಕಣೇ."

"ಹಾಕ್ಬೇಡಿ ಬಿಡ್ರಿ. ಕರೆಂಟ್ ಬೇಕಾದಾಗ ಅಮ್ಮ ಬೇಕಿತ್ತು. ಈಗ ಬೆಳಕಾಯ್ತಲ್ಲ, ಅಮ್ಮ ಕಾಣಿಸಲ್ಲ."

ಅಷ್ಟರಲ್ಲಿ ಫೋನು. ದೊಡ್ಡಮುನಿಯಮ್ಮ.

"ಏನ್ಲಾ ಚಂದ್ರ, ಅದೇನೋ ದೊಡ್ಡ ಓದಿಗೆ ಇಬ್ಬರು ಜಾಮೀನು ಬೇಕಂತಲ್ಲ. ಒಂದು ನಂದು ಬರ್ಕೊಂಡುಬಿಡು. ಇನ್ನೊಂದು ಯಾರ್ದಾದ್ರೂ ಹಾಕು, ಆ ಮಂಡಿ ವೆಂಕಟರಾಯಂದು ಮಾತ್ರ ಹಾಕ್ಬೇಡ. ಹಾಕಿದ್ರೆ ನಂದು ತೆಗ್ದುಬಿಡು."

ಅದು ಇಡುವುದಕ್ಕಿಲ್ಲ, ಇನ್ನೊಂದು. ವೆಂಕಟರಾಯಪ್ಪ.

"ಏನ್ ಅಳಿಯ, ಈ ಸಾರಿನಾದ್ರೂ ಜಾಗ ಐತಾ, ಇಲ್ಲ ಈ ಸಾರಿನೂ ಪ್ರಿಂಟಿನವನು ಬಿಟ್ಟುಬಿಡ್ತಾನಾ?"

ಅತ್ತೆ ಫೋನು ಮಾಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ತಾವೇ ಇಳಿದರು. ಮುಳಬಾಗಿಲಿನವರ ಮಾತಿನಲ್ಲಿ ಅರ್ಧ ತೆಲುಗು. ಕೋಪ ಬಂದರೆ ಮುಕ್ಕಾಲು.

"ಏಮಯ್ಯಾ ಅಲ್ಲುಡೂ, ನೇನು ಉನ್ನಾನು ಕದಾ! ನಾನಿರೋವಾಗ ಬೇರೆಯವರು ಯಾಕೆ? ತಾಲ್ಲೂಕಾಫೀಸು ಪೂರ್ತಿ ನನ್ನ ಕಾವಲಿ ಮೇಲೆ ಐತೆ. ದೋಸೆ ತಿನ್ನದೆ ಸೈನ್ ಹಾಕಿರೋ ಆಫೀಸರನ್ನ ತೋರ್ಸು ನೋಡಾನ!"

ಮಾರನೆಯ ದಿನ ಅಜ್ಮತುಲ್ಲಾನೇ ಒಂದು ದಾರಿ ಹುಡುಕಿದ. ಹೆಸರು ಎರಡೇ ಹಿಡಿಯುತ್ತದೆ, ನಿಜ. ಆದರೆ ಕೆಳಗೆ 'ಇತರೆ ದಾಖಲೆಗಳು' ಎಂದು ಒಂದು ಜಾಗವಿದೆ, ಅಲ್ಲಿ ಎಷ್ಟು ಬೇಕಾದರೂ ತುಂಬಬಹುದು. "ದೊಡ್ಡ ಗೋಡೌನು ಸಾರ್, ಊರೇ ಹಿಡಿಸ್ತೈತೆ." ಹಾಗಾಗಿ ಮೇಲೆ ದೊಡ್ಡಮ್ಮ ಮತ್ತು ಅತ್ತೆ, ಕೆಳಗಿನ ಗೋಡೌನಿನಲ್ಲಿ ಮೊದಲನೆಯವನಾಗಿ ಮಾವ. ಮಾವನಿಗೆ ಮಾತ್ರ ಅದು ಗೋಡೌನು ಎಂದು ಹೇಳಲಿಲ್ಲ. 'ವಿಶೇಷ ವಿಭಾಗ' ಎಂದರು.

ಕಾಗದಗಳು ಬಂದವು. ದೊಡ್ಡಮುನಿಯಮ್ಮ ಡೈರಿಯ ಲೆಟರ್‌ಹೆಡ್ಡಿನಲ್ಲಿ ಕಾರ್ಯದರ್ಶಿಯ ಕೈಲಿ ಬರೆಸಿದ್ದರು:

'ಈ ಮೇಲ್ಕಂಡ ಚಂದ್ರಮೋಹನನು ಚಿಕ್ಕಂದಿನಿಂದ ಎರಡು ಹೊತ್ತೂ ನಮ್ಮ ಡೈರಿಗೆ ಹಾಲು ತಂದು ಹಾಕಿದವನು. ಒಂದು ದಿನವೂ ನೀರು ಬೆರೆಸಿಲ್ಲ. ಒಂದು ದಿನ ಬೆರೆಸಿದ್ದಾಗ ತಾನೇ ಒಪ್ಪಿಕೊಂಡಿರುತ್ತಾನೆ. ಫ್ಯಾಟು ಚೆನ್ನಾಗಿದೆ. ಆದುದರಿಂದ ಪಿಎಚ್‌ಡಿ ಕೊಡಬಹುದು.'

ವೆಂಕಟರಾಯಪ್ಪನದು ಮಂಡಿಯ ಬಿಲ್ಲಿನ ಹಾಳೆಯ ಹಿಂಭಾಗದಲ್ಲಿ:

'ಮಾಲು ನಮ್ಮದು. ಗ್ಯಾರಂಟಿ. ನೋಡಲು ಕಾಯಿ, ಒಳಗೆ ಹುಳು ಇಲ್ಲ. ಹುಲ್ಲಿನಲ್ಲಿ ಇಟ್ಟರೆ ಹಣ್ಣಾಗುತ್ತದೆ. ಸ್ವಲ್ಪ ತಡ ಆಗಬಹುದು, ವಾಪಸ್ಸು ಕಳಿಸಬಾರದು.'

ಮುತ್ಯಾಲಮ್ಮನಿಗೆ ಬರೆಯುವುದರಲ್ಲಿ ನಂಬಿಕೆಯಿಲ್ಲ. ಹೋಟೆಲಿನ ಕಾವಲಿಯ ಮುಂದೆ ನಿಂತು ಮೊಬೈಲಿಗೆ ಮಾತಾಡಿ ಕಳಿಸಿದರು. "ಮಾ ಅಲ್ಲುಡು ಚಾಲಾ ಮಂಚೋಡು, ನಮ್ಮ ಅಳಿಯ ತುಂಬಾ ಒಳ್ಳೆಯೋನು. ಎದುರು ಮಾತಾಡಲ್ಲ. ಮಾತಾಡಕ್ಕೆ ಬರಲ್ಲ ಅಂತಾರೆ, ಅದು ಸುಳ್ಳು, ನಾವು ಬಿಡಲ್ಲ ಅಷ್ಟೇ." ಹಿಂದುಗಡೆ ಚುಂಯ್ ಎಂದು ದೋಸೆ ಹುಯ್ಯುವ ಸದ್ದು.

ವಿಶೇಷ ವಿಭಾಗದ ಸುದ್ದಿ ಹರಡಿದ್ದೇ ತಡ, ಬಾಕಿಯವರೂ ಬಂದರು. ಡೈರಿಯ ನಿರ್ದೇಶಕಿಯರು, ವೇಮಗಲ್ಲಿನ ಫ್ಯಾಕ್ಟರಿಯ ಸೂಪರ್‌ವೈಸರು, ಟೊಮೆಟೊ ಮಂಡಿಯ ದಲ್ಲಾಳಿ, ಕ್ಷೌರದಂಗಡಿಯವನು. ಕ್ಷೌರದವನು 'ಇವರ ತಲೆಯನ್ನು ಬಹುಕಾಲದಿಂದ ಹತ್ತಿರದಿಂದ ಬಲ್ಲೆ' ಎಂದು ಬರೆದಿದ್ದ. ಅಜ್ಮತುಲ್ಲಾ ಎಲ್ಲವನ್ನೂ ಸ್ಕ್ಯಾನು ಮಾಡಿ ತುಂಬಿದ. ಕೊನೆಗೆ ಅವನೂ ಒಂದು ಬರೆದು ಹಾಕಿದ. "ನಾನೊಬ್ಬ ಯಾಕೆ ಬಿಡ್ಲಿ ಸಾರ್?"

ಪ್ರವೇಶ ಪರೀಕ್ಷೆಯೂ ಆಯಿತು. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ. ಚಂದ್ರಮೋಹನ್ ಪ್ರಶ್ನೆ ಓದುವ ಗೊಡವೆಗೆ ಹೋಗದೆ ಮೇಲಿಂದ ಕೆಳಗೆ ಮೂರನೆಯದಕ್ಕೇ ಗುರುತು ಹಾಕುತ್ತಾ ಬಂದ. ಮಧ್ಯದಲ್ಲಿ ಒಂದು ಪ್ರಶ್ನೆಗೆ ಮಾತ್ರ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದನ್ನು ಹಾಕಿದ, ಅದು ತಪ್ಪಾಯಿತು. ಹೇಗೋ ಪಾಸಾಯಿತು. ಸಂದರ್ಶನಕ್ಕೆ ಕರೆ ಬಂತು. 'ಅರ್ಜಿಯ ಜೊತೆ ಸಲ್ಲಿಸಿದ ಎಲ್ಲದರ ಮೂಲ ಪ್ರತಿಗಳೊಂದಿಗೆ ಖುದ್ದು ಹಾಜರಾಗತಕ್ಕದ್ದು.'

ಮೂರೂ ಕಡೆಯವರು ಅವನ ಮನೆಯಲ್ಲಿ ಸೇರಿದರು. ಮಾವ ಆ ಸಾಲನ್ನು ಜೋರಾಗಿ ಓದಿಸಿಕೊಂಡು ತೊಡೆ ತಟ್ಟಿದ.

"ಗೊತ್ತಾಯ್ತಾ? ಸಬ್‌ರಿಜಿಸ್ಟ್ರಾರ್ ಆಫೀಸಲ್ಲೂ ಹಿಂಗೇನೇ. ಸಾಕ್ಷಿ ರುಜು ಹಾಕ್ದೋನು ಖುದ್ದಾಗಿ ಹೋಗಿ ಎದುರಿಗೆ ನಿಂತ್ಕೋಬೇಕು, ಮುಖ ತೋರಿಸ್ಬೇಕು, ಹೆಬ್ಬೆಟ್ಟು ಕೊಡ್ಬೇಕು. ಇಲ್ಲಾಂದ್ರೆ ರಿಜಿಸ್ಟರ್ ಮಾಡಲ್ಲ."

"ಮಾವ, ಅದು ಜಮೀನಿಗೆ. ಇದು ಓದು."

"ಜಮೀನ್ಗೇ ಅಷ್ಟು ಕೇಳ್ತಾರೆ ಅಂದ್ಮೇಲೆ ಓದಿಗೆ ಕೇಳಲ್ವೇನಲಾ?" ಎಂದರು ದೊಡ್ಡಮುನಿಯಮ್ಮ. ಈ ಒಂದು ವಿಷಯದಲ್ಲಿ ಮಾತ್ರ ಮಂಡಿಯೂ ಡೈರಿಯೂ ಒಂದಾದವು. "ನಾವು ಕಳಿಸಿರೋ ಕಾಗ್ದ ಜೆರಾಕ್ಸು. ಒರಿಜಿನಲ್ ಅಂದ್ರೆ ನಾನೇ."

ಸಂದರ್ಶನದ ದಿನ ಬೆಳಿಗ್ಗೆ ಮಾಲೂರಿನಿಂದ ಎರಡು ಗಾಡಿಗಳು ಹೊರಟವು. ಮುಂದೆ ಡೈರಿಯ ನಿರ್ದೇಶಕಿಯರನ್ನು ತುಂಬಿಕೊಂಡ ಟೆಂಪೊ ಟ್ರಾವೆಲರು; ಹಿಂದೆ ಮಾವಿನ ಕ್ರೇಟು ಇಳಿಸಿ ಜನ ಏರಿಸಿದ ಮಂಡಿಯ ಗಾಡಿ. ಚಂದ್ರಮೋಹನ್ ಯಾವ ಗಾಡಿಯಲ್ಲಿ ಕೂರಬೇಕೆಂದು ಜಗಳವಾಗಿ, ನರಸಾಪುರದ ತನಕ ಇದರಲ್ಲಿ, ಹೊಸಕೋಟೆಯ ತನಕ ಅದರಲ್ಲಿ ಎಂದು ತೀರ್ಮಾನವಾಯಿತು. ದಾರಿಯುದ್ದಕ್ಕೂ ಅವನು 'ಅಧಿಸಂಜ್ಞಾನಾತ್ಮಕ' ಎಂದು ಬಾಯಿಪಾಠ ಮಾಡುತ್ತಿದ್ದ. ಪಕ್ಕದಲ್ಲಿ ಕೂತ ನಿರ್ದೇಶಕಿ ಅದು ಯಾವುದೋ ಮಂತ್ರವೆಂದು ತಿಳಿದು ಕೈ ಮುಗಿದುಕೊಂಡೇ ಬಂದಳು.

ವಿಶ್ವವಿದ್ಯಾಲಯದ ಗೇಟಿನಲ್ಲಿ ಕಾವಲಿನವನು ಕೇಳಿದ: "ಹುಡುಗನ ಕಡೆಯೋರಾ, ಹುಡುಗಿ ಕಡೆಯೋರಾ? ಛತ್ರ ಮುಂದಿನ ರಸ್ತೆ."

"ಪಿಎಚ್‌ಡಿ ಕಡೆಯೋರು ಕಣಯ್ಯ, ಬಿಡು," ಎಂದರು ಮುತ್ಯಾಲಮ್ಮ. ಅವನು ಬಿಟ್ಟ. ಗೇಟಿನ ಮುಂದೆ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು; ಚಂದ್ರಮೋಹನ್ ಹಿಂದಿನ ಸಾಲಿಗೆ ಹೋಗಬೇಕಾಯಿತು. ಮುಂದಿನ ಸಾಲಿನಲ್ಲಿ ಜಾಗವಿರಲಿಲ್ಲ.

ಒಳಗೆ ಕಾರಿಡಾರಿನಲ್ಲಿ ಬೇರೆ ಅಭ್ಯರ್ಥಿಗಳು ಒಬ್ಬೊಬ್ಬರೇ ಫೈಲು ಎದೆಗವಚಿಕೊಂಡು ಕೂತಿದ್ದರು. ಅವರ ಹಿಂದೆ ಯಾರೂ ಇರಲಿಲ್ಲ. ದೊಡ್ಡಮುನಿಯಮ್ಮನಿಗೆ ಕರುಳು ಚುರ್ ಎಂದಿತು. "ಪಾಪ, ಅನಾಥ ಮಕ್ಕಳು," ಎಂದು ಎಲ್ಲರಿಗೂ ಒಂದೊಂದು ಚಕ್ಕುಲಿ ಕೊಟ್ಟರು.

ಹೆಸರು ಕೂಗಿದಾಗ ಚಂದ್ರಮೋಹನ್ ಒಬ್ಬನೇ ಒಳಗೆ ಹೋದ. ಮೇಜಿನ ಹಿಂದೆ ಮೂವರು. ಮಧ್ಯದಲ್ಲಿ ಪ್ರೊಫೆಸರ್ ಅನಿತ, ಮೂಗಿನ ತುದಿಗೆ ಕನ್ನಡಕ. ಎಡಕ್ಕೆ ಡಾಕ್ಟರ್ ಯರ್ರಪ್ಪ, ಕೋಟು ಟೈ ತೊಟ್ಟು ಗತ್ತಿನಲ್ಲಿ ಕೂತಿದ್ದರು. ಬಲಕ್ಕೆ ಇನ್ನೊಬ್ಬರು ಬಿಸ್ಕತ್ತು ತಿನ್ನುತ್ತಿದ್ದರು.

"ನಿಮ್ಮ ವಿಷಯ ಓದಿ," ಎಂದರು ಅನಿತ ಮೇಡಂ.

ಒಂದು ಉಸಿರಿನಲ್ಲಿ ಹೇಳಿ ಮುಗಿಸಿದ. ಒಂದಕ್ಷರ ತಪ್ಪಲಿಲ್ಲ.

"ಅಧಿಸಂಜ್ಞಾನ ಅಂದ್ರೆ ಏನು?"

"ಸಂಜ್ಞಾನ ಇರುತ್ತಲ್ಲ ಮೇಡಂ..."

"ಹೂಂ."

"ಅದಕ್ಕಿಂತ ಅಧಿ."

ಯರ್ರಪ್ಪನವರು ಕುರ್ಚಿಗೆ ಒರಗಿ ನಕ್ಕರು. "ನೋಡ್ರಿ, ಇವತ್ತಿನ ದಿನ ಯಾರು ಬೇಕಾದ್ರೂ ಪಿಎಚ್‌ಡಿ ಅಂತ ಬಂದ್ಬಿಡ್ತಾರೆ. ಯೋಗ್ಯತೆ ಬೇಕು, ಯೋಗ್ಯತೆ! ನಾವೆಲ್ಲ ಬರೀ ಯೋಗ್ಯತೆ ಮೇಲೆ ಬಂದೋರು."

ಅನಿತ ಮೇಡಂ ದಪ್ಪನೆಯ ಫೈಲನ್ನು ಮಗುಚುತ್ತಿದ್ದರು. "ಇಷ್ಟೊಂದು ಕಾಗದ ಯಾಕಿದೆ? ಇದರಲ್ಲಿ 'ಫ್ಯಾಟು ಚೆನ್ನಾಗಿದೆ' ಅಂತಿದೆ. ಯಾರಿವರೆಲ್ಲ?"

"ಹೊರಗಡೆ ಇದ್ದಾರೆ ಮೇಡಂ. ಒರಿಜಿನಲ್ ತರ್ಬೇಕು ಅಂದಿದ್ರಲ್ಲ, ತಂದಿದ್ದೀನಿ."

ಅವರು ಬೇಡವೆನ್ನುವ ಮುಂಚೆ ಬಾಗಿಲು ತೆರೆಯಿತು. ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದವರು ಕಿವಿಯ ಸಮೇತ ಒಳಗೆ ಬಂದರು. ಕೋಣೆ ತುಂಬಿತು. ಕಿಟಕಿಯ ಬಳಿ ಜಾಗ ಸಾಲದೆ ಕ್ಷೌರದವನು ಬೀರುವಿನ ಪಕ್ಕದಲ್ಲಿ ಅಡ್ಡಡ್ಡ ನಿಂತ. ಮುಂದೆ ಬಂದ ದೊಡ್ಡಮುನಿಯಮ್ಮ ಮೇಜಿನ ಹಿಂದಿದ್ದವರನ್ನು ಒಬ್ಬೊಬ್ಬರಾಗಿ ನೋಡುತ್ತಾ ಎಡಗಡೆ ಕೂತವರ ಮುಂದೆ ನಿಂತುಬಿಟ್ಟರು.

"ಅಯ್ಯೋ ನಮ್ಮಪ್ಪ! ಲೇ ಯರ್ರ, ನೀನೇನ್ಲಾ ಇಲ್ಲಿ?"

ಡಾಕ್ಟರ್ ಯರ್ರಪ್ಪನವರ ಟೈ ತಾನಾಗಿ ಬಿಗಿಯಿತು. "ಯಾ... ಯಾರು ನೀವು?"

"ಯಾರು ಅಂತಾನೆ ನೋಡು! ವೇಮಗಲ್ ಗುರಪ್ಪನ ಮಗ ಅಲ್ವೇನ್ಲಾ ನೀನು? ನಿನ್ನ ಕೆಲಸಕ್ಕೆ ನಾನು ಡೈರಿ ವ್ಯಾನ್‌ನಲ್ಲಿ ನಿನ್ನನ್ನ ಹಾಲಿನ ಕ್ಯಾನ್ ಮಧ್ಯೆ ಕೂಡಿಸ್ಕೊಂಡು ಸಾಹೇಬ್ರ ಮನೆಗೆ ಕರ್ಕೊಂಡು ಹೋಗಿರ್ಲಿಲ್ವಾ? ಅವರ ಕಾಲಿಗೆ ಬಿದ್ದೋನು ಏಳ್ಲೇ ಇಲ್ಲ, ನಾನೇ ಎತ್ತಿದ್ದು!"

"ನೀನು ಎತ್ತಿದ್ದು ನಿಜ ಕಣಮ್ಮ," ಎಂದು ಹಿಂದಿನಿಂದ ವೆಂಕಟರಾಯಪ್ಪ ತೂರಿಬಂದ. "ಆದ್ರೆ ಕೆಲಸ ಆಗಿದ್ದು ನಿನ್ನಿಂದ ಅಲ್ಲ. ಆ ಸಾಹೇಬ್ರಿಗೆ ಸುಗ್ಗಿ ಪೂರ್ತಿ ಬಾದಾಮಿ ಮಾವಿನ ಹಣ್ಣು ಕಳಿಸ್ದೋನು ನಾನು. ಈ ಯರ್ರಪ್ಪನೇ ಹೊತ್ಕೊಂಡು ಹೋಗಿ ಕೊಟ್ಟವ್ನೆ. ಏನಪ್ಪಾ, ಸುಳ್ಳಾ?"

"ಹಾಲಿಂದ ಆಗಿದ್ದು!"

"ಹಣ್ಣಿಂದ ಆಗಿದ್ದು!"

"ರೆಂಡೂ ಕಾದು!" ಎಂದು ಮುತ್ಯಾಲಮ್ಮ ಕೈ ಎತ್ತಿದರು. "ಎರಡೂ ಅಲ್ಲ. ಆರ್ಡರ್ ಟೈಪು ಮಾಡೋ ಗುಮಾಸ್ತ ನಮ್ಮ ಹೋಟ್ಲಲ್ಲೇ ತಿಂಡಿಗೆ ಬರ್ತಿದ್ದ. ನಾನು ಹೇಳ್ದಿದ್ರೆ ಇವನ ಹೆಸರು ಬಿಟ್ಟೇ ಹೋಗ್ತಿತ್ತು."

ಯರ್ರಪ್ಪನವರು ನೀರು ಕುಡಿಯಲು ಲೋಟ ಎತ್ತಿದರು. ಲೋಟ ಖಾಲಿ ಇತ್ತು, ಆದರೂ ಬಹಳ ಹೊತ್ತು ಕುಡಿದರು. ಬಲಗಡೆ ಕೂತಿದ್ದವರು ಬಿಸ್ಕತ್ತು ಕೆಳಗಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕ್ಯಾಲೆಂಡರಿನಲ್ಲಿ ಏನೋ ಹುಡುಕತೊಡಗಿದರು. ಡೈರಿಯ ಒಬ್ಬ 'ಒರಿಜಿನಲ್' ನಿರ್ದೇಶಕಿ ಅವರ ಕಿವಿಯ ಆಕಾರವನ್ನೇ ದಿಟ್ಟಿಸುತ್ತಾ "ಇವರನ್ನೂ ಎಲ್ಲೋ ನೋಡಿದಂಗೈತೆ" ಎನ್ನುತ್ತಿದ್ದಳು.

ಅನಿತ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಒಂದೇ ಪ್ರಶ್ನೆ ಕೇಳ್ತೀನಿ. ಇಷ್ಟು ಜನ ಬಂದಿದ್ದೀರಿ. ಇವರು ಬರೆದಿರೋ ಸಂಶೋಧನೆ ಪ್ರಸ್ತಾವನೆ ಓದಿದವರು ನಿಮ್ಮಲ್ಲಿ ಯಾರು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅತ್ತೆಯೇ ಅಳಿಯನ ಪರವಾಗಿ ನಿಂತರು.

"ಏನ್ ಮೇಡಂ ಹಿಂಗ್ ಕೇಳ್ತೀರಾ? ಆಯಪ್ಪನೇ ಓದಿಲ್ಲ, ನಾವು ಹೆಂಗೆ ಓದಾದು?"

ಅನಿತ ಮೇಡಂ ನಗಲಿಲ್ಲ. ನಗು ತಡೆಯುವುದಕ್ಕೆ ಅವರು ಪಟ್ಟ ಕಷ್ಟ ಮಾತ್ರ ಕಂಡಿತು. "ಚಂದ್ರಮೋಹನ್, ಈ ವರ್ಷ ನಿಮಗೆ ಸೀಟು ಇಲ್ಲ. ಮುಂದಿನ ವರ್ಷ ಬನ್ನಿ. ಈ ಅಧಿಸಂಜ್ಞಾನ ಎಲ್ಲ ಬಿಟ್ಟುಬಿಡಿ. ನಿಮಗೆ ಬೇಕಾದ ವಿಷಯ ನಿಮ್ಮ ಬೆನ್ನ ಹಿಂದೇನೇ ನಿಂತಿದೆ. ಶಿಕ್ಷಣ ಕ್ಷೇತ್ರದಲ್ಲಿ ಹೇಳಿಸೋ ಪದ್ಧತಿ. ಯಾರು ಯಾರಿಗೆ ಹೇಳಿಸಿದ್ರು, ಯಾರು ಏನಾದ್ರು. ಒಬ್ಬೊಬ್ಬರನ್ನೂ ಕೂರಿಸಿ ಕೇಳಿ ಬರೆಯಿರಿ. ನಿಜವಾಗಿ ಬರೆದ್ರೆ ನಾನೇ ಮಾರ್ಗದರ್ಶಕಿ ಆಗ್ತೀನಿ. ಬೇಕಾದ್ರೆ ಮೊದಲನೇ ಅಧ್ಯಾಯಕ್ಕೆ ಯರ್ರಪ್ಪನವರೇ ಮಾಹಿತಿ ಕೊಡ್ತಾರೆ."

ಯರ್ರಪ್ಪನವರು ಖಾಲಿ ಲೋಟವನ್ನು ಮತ್ತೊಮ್ಮೆ ಕುಡಿದರು.

ಚಂದ್ರಮೋಹನ್ ಕೈ ಕಟ್ಟಿಕೊಂಡು, ಧ್ವನಿ ತಗ್ಗಿಸಿ ಕೇಳಿದ: "ಆ ವಿಷಯ ನನಗೇ ಸಿಗೋ ಹಂಗೆ, ಯಾರ ಕೈಲಿ ಹೇಳಿಸ್ಬೇಕು ಮೇಡಂ?"

ಹೊರಗೆ ಕಳಿಸಿದರು.

ವಾಪಸ್ಸು ಬರುವಾಗ ಎರಡು ಗಾಡಿಗಳಲ್ಲೂ ಒಂದೇ ಮಾತು. ಮುಂದಿನ ಗಾಡಿಯವರು, ಹಿಂದಿನ ಗಾಡಿಯವರಿಂದ ಕೆಟ್ಟಿತು ಎಂದರು. ಹಿಂದಿನವರು ಮುಂದಿನವರಿಂದ ಎಂದರು. ಚಂದ್ರಮೋಹನ್ ಹೊಸಕೋಟೆಯ ತನಕ ಒಂದನ್ನು ಒಪ್ಪಿ, ನರಸಾಪುರದ ತನಕ ಇನ್ನೊಂದನ್ನು ಒಪ್ಪಿ, ಮಾಲೂರಿನಲ್ಲಿ ಇಳಿದ. ನಾಳೆ ಸೊಣ್ಣಪ್ಪನವರಿಗೆ ಏನು ಹೇಳುವುದು?

ಹೇಳುವ ಕಷ್ಟ ಬರಲಿಲ್ಲ. ಬೆಳಿಗ್ಗೆ ಕಾಲೇಜಿಗೆ ಹೋದರೆ ಸೊಣ್ಣಪ್ಪನವರು ಅವನ ಕೋಣೆಯಲ್ಲೇ ಇದ್ದರು. ಕೈಯಲ್ಲಿ ಮೊಬೈಲು. ಅದರಲ್ಲಿ ವಿಶ್ವವಿದ್ಯಾಲಯದ ಗೇಟಿನ ಮುಂದಿನ ಫೋಟೋ. ಅಜ್ಮತುಲ್ಲಾ ಸ್ಟೇಟಸ್ಸಿಗೆ ಹಾಕಿದ್ದ. ಎರಡು ಬೆರಳಿನಲ್ಲಿ ದೊಡ್ಡದು ಮಾಡಿ ಮಾಡಿ ಒಂದೊಂದು ಮುಖವನ್ನೂ ನೋಡುತ್ತಿದ್ದರು.

"ಸೀಟು?"

"ಈ ವರ್ಷ... ತಾಂತ್ರಿಕ ಕಾರಣ ಸಾರ್."

"ಹೋಗ್ಲಿ ಬಿಡು. ಇವ್ರೆಲ್ಲಾ ಯಾರಯ್ಯ?"

ಸೊಣ್ಣಪ್ಪನವರು ಬೈಯಲಿಲ್ಲ. ಧ್ವನಿಯಲ್ಲಿ ಏನೋ ಮರ್ಯಾದೆಯೂ ಇತ್ತು. ಚಂದ್ರಮೋಹನನಿಗೆ ಹೋದ ಜೀವ ಬಂದಂತಾಯಿತು. ಈ ಯಜಮಾನರಿಗೆ ಪಿಎಚ್‌ಡಿಗಿಂತ ಜನಬಲ ದೊಡ್ಡದಿರಬೇಕು ಎಂದು ಎದೆ ಉಬ್ಬಿಸಿದ.

"ನಮ್ಮೋರು ಸಾರ್. ನನಗೋಸ್ಕರ ಬಂದೋರು."

"ನೀನು ಕರೆದ್ರೆ ಬಂದ್ರಾ?"

"ಕರೀಲೇ ಇಲ್ಲ ಸಾರ್. ಸುದ್ದಿ ಗೊತ್ತಾಗಿ ತಾವೇ ಬಂದ್ರು."

"ಯಾವ್ಯಾವ ಕಡೆಯೋರು?"

"ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ. ಗಾಡಿ ಸಾಲ್ದೆ ಇಷ್ಟೇ ಜನ ಸಾರ್. ನಾನೊಂದು ಮಾತು ಹೇಳಿದ್ರೆ ಮೂರು ತಾಲ್ಲೂಕು ಎದ್ದು ಬರ್ತದೆ!"

ಸೊಣ್ಣಪ್ಪನವರು ಮೊಬೈಲನ್ನು ಜೇಬಿಗೆ ಇಳಿಸಿ, ಅವನ ಎರಡೂ ಭುಜ ಹಿಡಿದುಕೊಂಡರು.

"ಇಷ್ಟು ಜನ ಹಿಂದೆ ಬರೋ ಮನುಷ್ಯನ್ನ ನಾನು ಇಷ್ಟು ದಿನ ಈ ಗೂಡಲ್ಲಿ ಕೂಡಿಸಿದ್ನಲ್ಲಯ್ಯ! ಕುರ್ಚಿ ಮೇಲೆ ಯಾವನು ಬೇಕಾದ್ರೂ ಕೂರ್ತಾನೆ. ಚೈತನ್ಯಂಗೆ ಕೂರೋದು ಬಿಟ್ರೆ ಬೇರೆ ಏನೂ ಬರಲ್ಲ, ಅವನು ಕೂತ್ಕೊಳ್ಳಲಿ. ನೀನು ಇವತ್ತಿಂದ ಫೀಲ್ಡಿಗೆ ದೊಡ್ಡ ತಲೆ. ಅಡ್ಮಿಷನ್ ಡೈರೆಕ್ಟರ್ ಅಂತ ಬೋರ್ಡು ಬರೆಸ್ತೀನಿ. ಬೇಸಿಗೆ ಒಂದೇ ಅಲ್ಲ, ವರ್ಷ ಪೂರ್ತಿ."

"ಸಾರ್, ನಾನು ಹೇಳಿದ್ದು ಸ್ವಲ್ಪ ಜಾಸ್ತಿ..."

"ಮಾತು ಬೇಡ. ಹೊರಡು. ಟವೆಲ್ ತಗೊಂಡು ಹೋಗು, ಬಿಸಿಲಿದೆ."

ಸುದ್ದಿ ಬೇಗ ಹರಡಿತು. ಸುದ್ದಿಯಲ್ಲಿ ಬರೀ 'ಡೈರೆಕ್ಟರ್' ಎಂಬುದಷ್ಟೇ ಉಳಿದಿತ್ತು. ವಕ್ಕಲೇರಿ ಕ್ರಾಸಿನಲ್ಲಿ ದೊಡ್ಡಮುನಿಯಮ್ಮನ ಫೋಟೋ ಹಾಕಿದ ಅಭಿನಂದನೆಯ ಫ್ಲೆಕ್ಸು ಎದ್ದಿತು. ಎದುರಿಗೇ ಅದಕ್ಕಿಂತ ಎತ್ತರದಲ್ಲಿ ವೆಂಕಟರಾಯಪ್ಪನದು. ಆಶಾರಾಣಿ ಬೀದಿಯವರಿಗೆಲ್ಲ ಕಜ್ಜಾಯ ಹಂಚಿದಳು.

ಡೈರೆಕ್ಟರು ಆ ಹೊತ್ತಿನಲ್ಲಿ ನಂಗಲಿಯ ಆಚೆ, ಕಣ್ಣು ಬಿಡಲಾಗದ ಬಿಸಿಲಿನಲ್ಲಿ, ತಲೆಗೆ ಟವೆಲ್ ಕಟ್ಟಿಕೊಂಡು, ಕಂಕುಳಲ್ಲಿ ಕರಪತ್ರದ ಕಟ್ಟು ಇಟ್ಟುಕೊಂಡು ಒಂದು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದ. ಫೋನು ಬಡಿದುಕೊಂಡಿತು.

"ಏನ್ಲಾ ಚಂದ್ರ, ಡೈರೆಕ್ಟರ್ ಆದ್ಯಂತೆ! ಯಾರಿಂದ ಆಯ್ತು ಹೇಳು? ನಾನು ಬಂದು ನಿಂತಿದ್ದಕ್ಕಲ್ವಾ?"

"ಹೂಂ ದೊಡ್ಡಮ್ಮ. ನಿಮ್ಮಿಂದಾನೇ."

ಇನ್ನೊಂದು ಬಂತು. "ಅಳಿಯ, ಆಯಮ್ಮ ಊರೆಲ್ಲಾ ತನ್ನಿಂದ ಅಂತ ಹೇಳ್ಕೊಂಡು ತಿರುಗ್ತಾ ಅವ್ಳೆ. ನಿಜ ಹೇಳು, ಯಾರಿಂದ?"

"ನಿಮ್ಮಿಂದಾನೇ ಮಾವ."

ಮುಳಬಾಗಿಲಿನಿಂದಲೂ ಬಂತು. ಹಿಂದುಗಡೆ ದೋಸೆಯ ಸದ್ದು. ಅತ್ತೆ ಕೇಳುವುದಕ್ಕೂ ಕಾಯದೆ ಚಂದ್ರಮೋಹನ್ ಹೇಳಿಬಿಟ್ಟ:

"ಎಲ್ಲಾ ನಿಮ್ಮಿಂದಾನೇ ಅತ್ತೆ."

ಅವನ ಬಾಯಿಂದ ಆ ವರ್ಷ ಹೊರಟ ಮಾತುಗಳಲ್ಲಿ ಒಂದಿಷ್ಟೂ ಸುಳ್ಳು ಬೆರೆಯದ ಮಾತು ಅದೊಂದೇ. ಮೂವರಿಗೂ ಬಹಳ ಸಂತೋಷವಾಯಿತು.